ಮಟನ್, ಬೇಳೆ, ಸೋರೆಕಾಯಿ ಮೂರನ್ನೂ ಒಂದೇ ಕುಕ್ಕರಿನಲ್ಲಿ ಹದವಾಗಿ ಬೇಯಿಸುವುದು ಹೇಗೆ?

ನಿಮ್ಮ ಪ್ರಶ್ನೆಯನ್ನು ಎರಡು ಸಲ ಓದಿದೆ. ನೀವು ಕೆಲಸಕ್ಕೆಂದು ಕಲಬುರಗಿಗೆ ಬಂದು ಆರು ತಿಂಗಳಾಗಿದೆ. ಬಾಡಿಗೆ ಕೋಣೆಯಲ್ಲಿ ಒಂದೇ ಒಲೆ, ಐದು ಲೀಟರಿನ ಒಂದೇ ಕುಕ್ಕರ್. ಸಹೋದ್ಯೋಗಿಯ ಮನೆಯಲ್ಲಿ ದಾಲ್ಚಾ, ಅಂದರೆ ಮಟನ್, ಬೇಳೆ, ತರಕಾರಿ ಸೇರಿಸಿ ಮಾಡುವ ಹುಳಿಸಾರು, ತಿಂದು ಇಷ್ಟವಾಗಿ, ಭಾನುವಾರ ಅರ್ಧ ಕಿಲೋ ಮಟನ್, ಕಡಲೆಬೇಳೆ, ಸೋರೆಕಾಯಿ, ಟೊಮೆಟೊ, ಹುಣಸೆರಸ ಎಲ್ಲವನ್ನೂ ಒಟ್ಟಿಗೆ ಹಾಕಿ ಎಂಟು ಸೀಟಿ ಹೊಡೆಸಿದ್ದೀರಿ. ಸೋರೆಕಾಯಿ ಕರಗಿ ಹೋಗಿದೆ, ಬೇಳೆ ಹಲ್ಲಿಗೆ ಕಲ್ಲಿನಂತೆ ಸಿಗುತ್ತಿದೆ, ಮಾಂಸ ನಾರುನಾರಾಗಿದೆ. ಮಸಾಲೆ ಕಡಿಮೆಯಾಯಿತೇ ಎಂದು ಕೇಳಿದ್ದೀರಿ.

ಮಸಾಲೆಯದು ಏನೂ ತಪ್ಪಿಲ್ಲ. ಪಾತ್ರೆ ಒಂದೇ ಆದರೂ ಅದರೊಳಗೆ ಬೀಳುವ ಪದಾರ್ಥಗಳಿಗೆ ಬೇರೆ ಬೇರೆ ಹೊತ್ತು ಬೇಕು. ಇದು ಮೊದಲ ಕಾರಣ. ಎರಡನೆಯದು ಹುಳಿ. ಮೂರನೆಯದು ನಿಮ್ಮ ನಲ್ಲಿಯ ನೀರು. ಈ ಮೂರರಲ್ಲಿ ಕೊನೆಯದನ್ನು ಹೊರಗಿನಿಂದ ಬಂದವರಿಗೆ ಯಾರೂ ಹೇಳುವುದಿಲ್ಲ, ಆದ್ದರಿಂದ ಅಲ್ಲಿಂದಲೇ ಶುರು ಮಾಡುತ್ತೇನೆ.

ನಿಮ್ಮ ಕೋಣೆಯ ನೆಲಕ್ಕೆ ಹಾಸಿರುವುದು ಬಹುಶಃ ಶಹಾಬಾದ ಕಲ್ಲು. ಅದು ಸುಣ್ಣದ ಕಲ್ಲು. ಶಹಾಬಾದ, ಸೇಡಂ, ಚಿತ್ತಾಪುರದ ಸುತ್ತ ಅಷ್ಟೊಂದು ಸಿಮೆಂಟ್ ಕಾರ್ಖಾನೆಗಳು ಇರುವುದೂ ಅದೇ ಕಲ್ಲಿನ ಕಾರಣದಿಂದ. ಅಂತಹ ನೆಲದಿಂದ ಮೇಲೆ ಬರುವ ಕೊಳವೆಬಾವಿಯ ನೀರಿನಲ್ಲಿ ಕ್ಯಾಲ್ಸಿಯಂ ತುಂಬಿರುತ್ತದೆ. ಚಹಾ ಕಾಯಿಸುವ ಪಾತ್ರೆಯ ತಳದಲ್ಲಿ ಬಿಳಿಯ ಪದರ ಕಟ್ಟಿದೆಯೇ ನೋಡಿ. ಕಟ್ಟಿದ್ದರೆ ನಿಮ್ಮ ಬೇಳೆ ಬೇಯದಿರಲು ಅರ್ಧ ಕಾರಣ ಅಲ್ಲೇ ಇದೆ. ಬೇಳೆಯ, ತರಕಾರಿಯ ಜೀವಕೋಶಗಳನ್ನು ಒಂದಕ್ಕೊಂದು ಅಂಟಿಸಿ ಹಿಡಿದಿರುವುದು ಪೆಕ್ಟಿನ್ ಎಂಬ ವಸ್ತು. ಅದು ಬಿಸಿನೀರಿನಲ್ಲಿ ಸಡಿಲವಾದಾಗ ಬೇಳೆ ಮೆತ್ತಗಾಗುತ್ತದೆ. ಕ್ಯಾಲ್ಸಿಯಂ ಸೇರಿದರೆ ಆ ಅಂಟು ಇನ್ನೂ ಬಿಗಿಯಾಗುತ್ತದೆ, ಹುಳಿ ಸೇರಿದರೆ ಸಡಿಲವಾಗುವುದೇ ನಿಧಾನವಾಗುತ್ತದೆ. ನೀವು ಎರಡನ್ನೂ ಒಟ್ಟಿಗೆ ಹಾಕಿದ್ದೀರಿ. ಎಂಟಲ್ಲ, ಹನ್ನೆರಡು ಸೀಟಿ ಹೊಡೆಸಿದ್ದರೂ ಆ ಕಡಲೆಬೇಳೆ ಸುಲಭಕ್ಕೆ ಬಗ್ಗುತ್ತಿರಲಿಲ್ಲ.

ನನಗೂ ಇದು ಕಷ್ಟಪಟ್ಟೇ ಗೊತ್ತಾಯಿತು. ಮದುವೆಯಾಗಿ ಈ ಊರಿಗೆ ಬಂದ ಮೊದಲ ವರ್ಷ ಯಜಮಾನರ ಅಣ್ಣ, ಅತ್ತಿಗೆ ಊಟಕ್ಕೆ ಬಂದಿದ್ದರು. ಹನ್ನೆರಡು ಗಂಟೆಗೆ ಒಲೆಯ ಮೇಲಿಟ್ಟ ದಾಲ್ಚಾ ಎರಡೂವರೆಯಾದರೂ ಆಗಿರಲಿಲ್ಲ. ಮಕ್ಕಳು ಹಸಿದು ಬರೀ ರೊಟ್ಟಿ ಮುರಿದು ತಿನ್ನುತ್ತಿದ್ದರು. ಪಕ್ಕದ ಮನೆಯ ಹಿರಿಯಾಕೆ, ನಾವು ಖಾಲಾ (ಚಿಕ್ಕಮ್ಮ) ಎಂದು ಕರೆಯುವವರು, ಬಂದು ಸೌಟಿನಲ್ಲಿ ಒಂದೆರಡು ಕಾಳು ತೆಗೆದು ಬೆರಳಲ್ಲಿ ಒತ್ತಿ ನೋಡಿದರು. ಆಮೇಲೆ ಸಾರಿನ ರುಚಿ ನೋಡಿ, ‘ಹುಳಿ ಮೊದಲೇ ಹಾಕಿದೆಯಾ ಬೇಟಿ?’ ಎಂದು ಕೇಳಿದರು. ಅಷ್ಟೇ ಕೇಳಿದ್ದು. ಬೈಯಲಿಲ್ಲ, ನಗಲಿಲ್ಲ. ಮುಂದಿನ ಶುಕ್ರವಾರ ತಮ್ಮ ಅಡುಗೆಮನೆಗೆ ಕರೆದು, ಮೊದಲಿಂದ ಕೊನೆಯವರೆಗೆ ಪಕ್ಕದಲ್ಲಿ ನಿಲ್ಲಿಸಿಕೊಂಡು ಮಾಡಿ ತೋರಿಸಿದರು. ಕೆಳಗೆ ಬರೆದಿರುವುದೆಲ್ಲ ಅವರ ಕೈಯ ಕ್ರಮ. ಅವರು ದೊಡ್ಡ ದೇಗಿನಲ್ಲಿ ಮಾಡುತ್ತಿದ್ದುದನ್ನು ಕುಕ್ಕರಿಗೆ ಇಳಿಸಿಕೊಂಡದ್ದಷ್ಟೇ ನನ್ನದು.

ನಾಲ್ವರಿಗೆ ಅಳತೆ ಹೇಳುತ್ತೇನೆ. ನೀವು ಒಬ್ಬರೇ ಆದರೆ ಎರಡು ದಿನ ಬರುತ್ತದೆ. ಮೂಳೆಯಿರುವ ಮಟನ್ ಅರ್ಧ ಕಿಲೋ, ಕಡಲೆಬೇಳೆ 100 ಗ್ರಾಂ, ತೊಗರಿಬೇಳೆ ಒಂದು ಹಿಡಿ, ಎಳೆಯ ಸೋರೆಕಾಯಿ 400 ಗ್ರಾಮಿನಷ್ಟು, ಮಧ್ಯಮ ಗಾತ್ರದ ಎರಡು ಉಳ್ಳಾಗಡ್ಡಿ, ಸಣ್ಣ ನಿಂಬೆ ಗಾತ್ರದ ಹುಣಸೆಹಣ್ಣು. ಹಳ್ಳಿಯ ಕಡೆಯಿಂದ ಬಂದವರ ಬಳಿ ಹಾಲುಗುಂಬಳ ಎಂದು ಕೇಳಿ, ಸೋರೆಕಾಯಿಯನ್ನೇ ಕೊಡುತ್ತಾರೆ. ತೊಗರಿಬೇಳೆಯನ್ನು ಮಾತ್ರ ಬೇರೆ ಊರಿನಿಂದ ತರಿಸಬೇಡಿ. ಈ ಜಿಲ್ಲೆಯ ತೊಗರಿಗೆ 2019ರಲ್ಲಿ ಭೌಗೋಳಿಕ ಸೂಚಕದ ಮಾನ್ಯತೆ ಸಿಕ್ಕಿದೆ. ಬೆಂದಾಗ ಅದು ಸಾರಿಗೆ ಕೊಡುವ ಮೈಯೇ ಬೇರೆ. ಕಡಲೆಬೇಳೆ ಕಾಳುಕಾಳಾಗಿ ಬಾಯಿಗೆ ಸಿಗಬೇಕು, ತೊಗರಿಬೇಳೆ ಕರಗಿ ರಸವನ್ನು ಗಟ್ಟಿ ಮಾಡಬೇಕು. ಎರಡನ್ನೂ ಹಾಕುವುದು ಇದಕ್ಕೇ.

ಮಾಂಸ ಕೊಳ್ಳುವಾಗ ನೀವು ಮೂಳೆಯಿಲ್ಲದ ತೊಡೆಯ ಮಾಂಸ ಕೊಡಿ ಎಂದು ಕೇಳಿರುತ್ತೀರಿ. ಹೊಸಬರು ಎಲ್ಲರೂ ಅದನ್ನೇ ಕೇಳುತ್ತಾರೆ. ಇಲ್ಲಿನ ಅಂಗಡಿಗಳಲ್ಲಿ ತೊಡೆಗೆ ರಾನ್, ಮುಂಗಾಲಿಗೆ ದಸ್ತ್, ಎದೆಗೆ ಸೀನಾ, ಕತ್ತಿಗೆ ಗರ್ದನ್ ಎನ್ನುತ್ತಾರೆ. ದಾಲ್ಚಾಕ್ಕೆ ದಸ್ತ್ ಮತ್ತು ಸೀನಾ ಸೇರಿಸಿ ಕೊಡಿ, ಒಂದೆರಡು ನಳ್ಳಿ (ಮಜ್ಜೆಯಿರುವ ಮೂಳೆ) ಹಾಕಿ ಎಂದು ಹೇಳಿ. ರಾನಿನಲ್ಲಿ ಕೊಬ್ಬು, ಅಂಟು ಕಡಿಮೆ, ಬಹಳ ಬೆಂದರೆ ರಸ ಹಿಂಡಿಹೋಗಿ ನಾರು ಮಾತ್ರ ಉಳಿಯುತ್ತದೆ. ಓಡಾಡುವ, ಭಾರ ಹೊರುವ ಭಾಗಗಳಲ್ಲಿ ಕೊಲಾಜೆನ್ ಎಂಬ ಬಿಳಿಯ ಅಂಟು ಹೆಚ್ಚು. ಹಸಿಯಿದ್ದಾಗ ಅದು ಗಟ್ಟಿ, ನಿಧಾನವಾಗಿ ಬೆಂದರೆ ಕರಗಿ ಜೆಲಾಟಿನ್ ಆಗುತ್ತದೆ. ಊಟವಾದ ಮೇಲೆ ಬೆರಳುಗಳು ಒಂದಕ್ಕೊಂದು ಸ್ವಲ್ಪ ಅಂಟಿದಂತಾಗುತ್ತವಲ್ಲ, ಅದು ಇದೇ. ಒಳ್ಳೆಯ ದಾಲ್ಚಾದ ಗುರುತು ಅದು.

ಬೇಳೆಗಳನ್ನು ತೊಳೆದು, ಕಡಲೆಬೇಳೆಯನ್ನು ಎರಡು ಗಂಟೆ ನೆನೆಹಾಕಿ. ನೆನೆಹಾಕಲೂ ಬೇಯಿಸಲೂ ಕುಡಿಯಲು ತರುವ ಶುದ್ಧ ನೀರನ್ನೇ ಬಳಸಿ. ಕ್ಯಾನ್ ನೀರು ಇಲ್ಲದಿದ್ದರೆ ನಲ್ಲಿಯ ನೀರನ್ನು ಹತ್ತು ನಿಮಿಷ ಚೆನ್ನಾಗಿ ಕುದಿಸಿ, ತಣಿದು ಬಿಳಿ ಕೆಳಗಿಳಿದ ಮೇಲೆ ಮೇಲಿನ ತಿಳಿಯನ್ನಷ್ಟೇ ಬಸಿದುಕೊಳ್ಳಿ, ಗಡಸು ಸಾಕಷ್ಟು ಇಳಿಯುತ್ತದೆ. ಚಿಟಿಕೆ ಸೋಡಾ ಹಾಕುವವರೂ ಇದ್ದಾರೆ. ಬೇಳೆ ಬೇಗ ಬೇಯುವುದು ನಿಜ, ಆದರೆ ಸೋಡಾದ ಆ ಸಾಬೂನಿನಂಥ ರುಚಿ ನನ್ನ ನಾಲಿಗೆಗೆ ಹಿಡಿಸುವುದಿಲ್ಲ. ನಾನು ಹಾಕುವುದಿಲ್ಲ.

ಕುಕ್ಕರಿನಲ್ಲಿ ಮೂರು ಚಮಚ ಎಣ್ಣೆ ಕಾಯಿಸಿ, ಒಂದು ಚೂರು ದಾಲ್ಚಿನ್ನಿ, ಮೂರು ಲವಂಗ, ಎರಡು ಏಲಕ್ಕಿ, ಅರ್ಧ ಚಮಚ ಶಾಹಿಜೀರಿಗೆ ಹಾಕಿ. ಉದ್ದುದ್ದ ಹೆಚ್ಚಿದ ಉಳ್ಳಾಗಡ್ಡಿಯನ್ನು ಅದರಲ್ಲಿ ಹುರಿಯಿರಿ. ಅಂಚುಗಳು ಕೆಂಪಾಗಿ ನಡುವೆ ಹೊಂಬಣ್ಣ ಬಂದಾಗ ಎರಡು ಚಮಚ ಶುಂಠಿ ಬೆಳ್ಳುಳ್ಳಿ ಅರೆದದ್ದನ್ನು ಹಾಕಿ, ಹಸಿವಾಸನೆ ಹೋದ ಮೇಲೆ ಮಟನ್, ಅರಿಸಿನ, ಒಂದು ಚಮಚ ಉಪ್ಪು.

ಇಲ್ಲಿ ಅವಸರ ಮಾಡಬೇಡಿ. ಇಡೀ ಅಡುಗೆಯ ರುಚಿ ಈ ಹದಿನೈದು ನಿಮಿಷದಲ್ಲಿದೆ. ಮೊದಲು ಮಾಂಸ ಬಣ್ಣಗೆಟ್ಟು ಬೂದಿಯಂತಾಗಿ ನೀರು ಬಿಡುತ್ತದೆ. ಪಾತ್ರೆಯೊಳಗೆ ಕುದಿಯುವ ಸದ್ದು ಗೊಳಗೊಳ ಎಂದು ಕೇಳುತ್ತದೆ. ಮುಚ್ಚಳ ಹಾಕದೆ, ಆಗಾಗ ಕೈಯಾಡಿಸುತ್ತ ಕಾಯಿರಿ. ನೀರು ಇಂಗಿದಂತೆ ಆ ಸದ್ದು ಚಟಪಟಕ್ಕೆ ತಿರುಗುತ್ತದೆ, ಎಣ್ಣೆ ಅಂಚಿಗೆ ಬಿಟ್ಟುಕೊಳ್ಳುತ್ತದೆ, ಮಾಂಸದ ಮೈ ಕಂದಾಗುತ್ತದೆ, ತಳದಲ್ಲಿ ಕಂದು ಬಣ್ಣದ ಕರೆ ಹಿಡಿಯಲು ಶುರುವಾಗುತ್ತದೆ. ಖಾಲಾ ಒಲೆಗೆ ಬೆನ್ನು ಮಾಡಿ ಕೂತಿದ್ದರೂ ಸದ್ದು ಬದಲಾದ ಕೂಡಲೇ ತಿರುಗುತ್ತಿದ್ದರು. ಆಗ ಒಂದೂವರೆ ಚಮಚ ಖಾರದ ಪುಡಿ, ಎರಡು ಚಮಚ ಕೊತ್ತಂಬರಿ ಪುಡಿ ಹಾಕಿ ಅರ್ಧ ನಿಮಿಷ ತಿರುವಿ, ಎರಡೂ ಬೇಳೆ ಸೇರಿಸಿ, ಮೂರು ದೊಡ್ಡ ಲೋಟ ಬಿಸಿನೀರು ಸುರಿದು ತಳದ ಕರೆಯನ್ನು ಸೌಟಿನಿಂದ ಕೆರೆದು ಬಿಡಿಸಿ. ತಣ್ಣೀರು ಬೇಡ, ಇಷ್ಟು ಹೊತ್ತು ಕಾದ ಪಾತ್ರೆ ತಣಿದು ಮತ್ತೆ ಕಾಯಬೇಕಾಗುತ್ತದೆ.

ಮುಚ್ಚಳ ಹಾಕಿ. ಮೊದಲ ಸೀಟಿ ಬಂದ ಮೇಲೆ ಉರಿ ಸಣ್ಣದು ಮಾಡಿ ಹದಿನೈದು ನಿಮಿಷ ಬಿಡಿ. ಸೀಟಿಗಳನ್ನು ಎಣಿಸಬೇಡಿ, ಗಡಿಯಾರ ನೋಡಿ. ದೊಡ್ಡ ಉರಿಯಲ್ಲಿ ಎಂಟು ಸೀಟಿ ಹತ್ತೇ ನಿಮಿಷಕ್ಕೆ ಮುಗಿಯಬಹುದು. ಕುಕ್ಕರಿನೊಳಗೆ ಶಾಖ 120 ಡಿಗ್ರಿಯ ಹತ್ತಿರ ಇರುತ್ತದೆ, ಸಣ್ಣ ಉರಿಯಲ್ಲೂ ಅಷ್ಟೇ ಇರುತ್ತದೆ, ಆದ್ದರಿಂದ ಉರಿ ಹೆಚ್ಚಿಸಿ ಲಾಭವಿಲ್ಲ. ಮಾಂಸ ಬಲಿತ ಆಡಿನದಾದರೆ ಇಪ್ಪತ್ತೈದು ನಿಮಿಷ. ಒತ್ತಡ ತಾನಾಗಿ ಇಳಿಯಲಿ.

ತೆರೆದ ಮೇಲೆ ಖಾಲಾ ಮಾಡಿದಂತೆ ಒಂದು ಕಡಲೆಬೇಳೆ ತೆಗೆದು ಹೆಬ್ಬೆರಳು, ತೋರುಬೆರಳಿನ ನಡುವೆ ಒತ್ತಿ. ಹಿಟ್ಟಿನಂತೆ ಚಪ್ಪಟೆಯಾಗಬೇಕು, ನಡುವೆ ಗಟ್ಟಿ ಕಾಳು ಸಿಗಬಾರದು. ಸಿಕ್ಕರೆ ಇನ್ನೈದು ನಿಮಿಷ ಮುಚ್ಚಿ ಬೇಯಿಸಿ. ಬೇಳೆ ಪೂರ್ತಿ ಬೇಯುವ ಮೊದಲು ಹುಳಿಯ ಹತ್ತಿರ ಹೋಗಲೇಬೇಡಿ.

ಇನ್ನು ಸೋರೆಕಾಯಿ. ಹೆಚ್ಚುವ ಮೊದಲು ಒಂದು ಚೂರು ಹಸಿಯಾಗಿ ನಾಲಿಗೆಗೆ ತಾಗಿಸಿ. ಕಹಿಯಿದ್ದರೆ ಇಡೀ ಕಾಯಿ ಎಸೆಯಿರಿ, ಕಹಿ ಸೋರೆಕಾಯಿ ವಿಷ, ಬೇಯಿಸಿದರೂ ಆ ವಿಷ ಹೋಗುವುದಿಲ್ಲ. ಸಿಹಿಯಾಗಿದ್ದರೆ ಸಿಪ್ಪೆ ತೆಗೆದು ಎರಡು ಬೆರಳಗಲದ ದೊಡ್ಡ ಹೋಳು ಮಾಡಿ ಕುದಿಯುವ ಸಾರಿಗೆ ಹಾಕಿ. ಕುಕ್ಕರಿನ ಮುಚ್ಚಳ ಬೇಡ, ತಟ್ಟೆ ಮುಚ್ಚಿದರೆ ಸಾಕು. ಎಂಟು ಹತ್ತು ನಿಮಿಷಕ್ಕೆ ಹೋಳಿನ ಅಂಚು ಗಾಜಿನಂತಾಗಿ ನಡುವೆ ಇನ್ನೂ ಬಿಳಿ ಉಳಿದಿರುತ್ತದೆ. ಹುಣಸೆರಸ ಹಾಕಬೇಕಾದ ಹೊತ್ತು ಅದು. ಬೇಳೆಗೆ ಅಡ್ಡಿಯಾದ ಹುಳಿಯೇ ಈಗ ಸೋರೆಕಾಯಿಗೆ ಆಸರೆ. ಹುಳಿ ಬಿದ್ದ ಮೇಲೆ ಹೋಳು ಕರಗುವುದು ನಿಧಾನವಾಗುತ್ತದೆ, ಆಕಾರ ಉಳಿಯುತ್ತದೆ, ಒಳಗೆ ರಸ ಹೀರುತ್ತದೆ. ಸೀಳಿದ ನಾಲ್ಕು ಹಸಿಮೆಣಸಿನಕಾಯಿ, ಒಂದು ಹಿಡಿ ಪುದೀನ, ಕೊತ್ತಂಬರಿ ಹಾಕಿ ಇನ್ನೂ ಏಳೆಂಟು ನಿಮಿಷ ಕುದಿಸಿ. ಟೊಮೆಟೊ ಬೇಕೆನಿಸಿದರೆ ಅದೂ ಈ ಹೊತ್ತಿಗೇ.

ಕುಕ್ಕರನ್ನು ಇಳಿಸಿ, ಅದೇ ಒಲೆಯಲ್ಲಿ ಒಗ್ಗರಣೆ ಸೌಟಿಗೆ ಒಂದು ಚಮಚ ತುಪ್ಪ, ಜೀರಿಗೆ, ಜಜ್ಜಿದ ಆರು ಎಸಳು ಬೆಳ್ಳುಳ್ಳಿ, ಎರಡು ಒಣಮೆಣಸಿನಕಾಯಿ, ಕರಿಬೇವು. ಬೆಳ್ಳುಳ್ಳಿ ಕೆಂಪಾದ ಕೂಡಲೇ ಸಾರಿಗೆ ಸುರಿದು ಮುಚ್ಚಿಬಿಡಿ. ಇಪ್ಪತ್ತು ನಿಮಿಷ ತೆರೆಯಬೇಡಿ.

ತರಕಾರಿ ಬದಲಾದರೆ ಹೊತ್ತು ಬದಲಾಗುತ್ತದೆ, ಕ್ರಮ ಬದಲಾಗುವುದಿಲ್ಲ. ಆಲೂಗಡ್ಡೆಯನ್ನು ಎರಡೇ ಹೋಳು ಮಾಡಿ ಹದಿನೈದು ನಿಮಿಷ. ಬದನೆಕಾಯಿ ಎಂಟು ನಿಮಿಷ. ಮೆಂತ್ಯ ಸೊಪ್ಪು ಕೊನೆಯ ಐದು ನಿಮಿಷ. ಪುಂಡಿಪಲ್ಲೆ ಹಾಕುವುದಾದರೆ ನೆನಪಿಡಿ, ಆ ಎಲೆಯೇ ಹುಳಿ. ಅದನ್ನೂ ಬೇಳೆ ಬೆಂದ ಮೇಲೆಯೇ ಹಾಕಬೇಕು, ಹುಣಸೆ ಬಿಡಬೇಕು. ಡಿಸೆಂಬರಿನಲ್ಲಿ ಹಸಿ ತೊಗರಿಕಾಯಿ ಬಂದಾಗ ಸುಲಿದ ಕಾಳು ಒಂದು ಬಟ್ಟಲು ಹಾಕಿ ನೋಡಿ. ಎಳ್ಳಮಾವಾಸ್ಯೆಯ ಭಜ್ಜಿಯನ್ನು ಯಾರಾದರೂ ನಿಮಗೆ ಹೊಲದಲ್ಲಿ ಉಣಬಡಿಸಿದರೆ ಅದರಲ್ಲೂ ಇದೇ ಲೆಕ್ಕ ಕಾಣುತ್ತೀರಿ. ಅಲ್ಲಿ ಮಾಂಸವಿಲ್ಲ, ಆದರೆ ಹತ್ತಾರು ಕಾಯಿಪಲ್ಲೆ ಒಂದೇ ಪಾತ್ರೆಯಲ್ಲಿ ತಮ್ಮ ತಮ್ಮ ಸರದಿಗೆ ಬೀಳುತ್ತವೆ.

ನಮ್ಮ ಊರಿನಲ್ಲಿ ದಾಲ್ಚಾವನ್ನು ತಹರಿ ಎಂಬ ಮಸಾಲೆ ಅನ್ನದ ಜೊತೆ ಉಣ್ಣುವುದು ರೂಢಿ. ಒಂದೇ ಒಲೆಯಿರುವ ನಿಮಗೆ ತಹರಿಯ ತಾಪತ್ರಯ ಬೇಡ. ಬೀದಿಯಲ್ಲಿ ಜೋಳದ ರೊಟ್ಟಿ ಬಡಿದು ಮಾರುವವರು ಹತ್ತಿರದಲ್ಲೇ ಇರುತ್ತಾರೆ, ನಾಲ್ಕು ಬಿಸಿ ರೊಟ್ಟಿ ತನ್ನಿ. ಒಂದನ್ನು ಮುರಿದು ತಟ್ಟೆಯಲ್ಲಿ ಹರಡಿ, ಮೇಲೆ ದಾಲ್ಚಾ ಸುರಿದು ಎರಡು ನಿಮಿಷ ನೆನೆಯಲು ಬಿಡಿ, ಪಕ್ಕದಲ್ಲಿ ಹಸಿ ಉಳ್ಳಾಗಡ್ಡಿ ಇರಲಿ.

ಉಳಿದದ್ದನ್ನು ರಾತ್ರಿಯೇ ಫ್ರಿಜ್ಜಿಗೆ ಇಡಿ. 40 ಡಿಗ್ರಿ ದಾಟುವ ಇಲ್ಲಿನ ಬೇಸಿಗೆಯಲ್ಲಿ ಹೊರಗಿಟ್ಟರೆ ಬೆಳಗಾಗುವಷ್ಟರಲ್ಲಿ ಹಳಸುತ್ತದೆ. ಫ್ರಿಜ್ ಇಲ್ಲದಿದ್ದರೆ ಅಳತೆ ಅರ್ಧ ಮಾಡಿ ಅಂದೇ ಮುಗಿಸಿ. ಮರುದಿನ ಅದು ಮುದ್ದೆಯಂತೆ ಗಟ್ಟಿಯಾಗಿರುತ್ತದೆ, ಅರ್ಧ ಲೋಟ ಬಿಸಿನೀರು ಬೆರೆಸಿ ಸಣ್ಣ ಉರಿಯಲ್ಲಿ ಚೆನ್ನಾಗಿ ಕುದಿಸಿ, ಉಪ್ಪು ಹುಳಿ ಮತ್ತೊಮ್ಮೆ ನೋಡಿ. ಮುಂದಿನ ಭಾನುವಾರ ಮಾಡಿದ ಮೇಲೆ ಬೇಳೆ ಬೆರಳಿಗೆ ಹೇಗೆ ಸಿಕ್ಕಿತು ಎಂದು ಇಲ್ಲೇ ಕೆಳಗೆ ಬರೆಯಿರಿ. ಇನ್ನೂ ಗಟ್ಟಿಯಿದ್ದರೆ ಯಾವ ನೀರು ಬಳಸಿದಿರಿ, ಬೇಳೆ ಎಷ್ಟು ಹಳೆಯದು ಎಂಬ ಎರಡನ್ನೂ ತಿಳಿಸಿ, ನೋಡೋಣ.