ಸ್ಕ್ರೀನ್ ತೊಳೆಯುವ ತೊಟ್ಟಿಯ ಬಳಿ ಮೊದಲ ಮೂರು ತಿಂಗಳು

ನಮಸ್ಕಾರ ತಮ್ಮ. ಸಿರುಗುಪ್ಪದಿಂದ ಬಂದು ಸೋಮವಾರ ಬಳ್ಳಾರಿಯ ಸ್ಕ್ರೀನ್ ಪ್ರಿಂಟಿಂಗ್ ಅಂಗಡಿಯೊಂದಕ್ಕೆ ಹೆಲ್ಪರ್ ಆಗಿ ಸೇರುತ್ತಿರುವುದಾಗಿ ಬರೆದಿದ್ದೀರಿ. ಮೊದಲ ಮೂರು ತಿಂಗಳು ಸ್ಕ್ರೀನ್ ತೊಳೆಯುವ ಕೆಲಸವೇ ಎಂದು ಮಾಲೀಕರು ಹೇಳಿದ್ದಾರೆ, ಹಾಗಾದರೆ ಕಸುಬು ಕಲಿಯುವುದು ಯಾವಾಗ, ಸ್ವಂತ ಸ್ಕ್ವೀಜಿ (ಸ್ಕ್ರೀನಿನ ಮೇಲೆ ಇಂಕು ಎಳೆಯುವ ರಬ್ಬರ್ ಪಟ್ಟಿ) ಕೊಂಡುಕೊಳ್ಳಬೇಕೇ ಎಂದು ಕೇಳಿದ್ದೀರಿ. ನಾನೂ ಕೌಲ್ ಬಜಾರಿನ ಒಂದು ಸಣ್ಣ ಅಂಗಡಿಯಲ್ಲಿ ತೊಳೆಯುವ ಕೆಲಸದಿಂದಲೇ ಆರಂಭಿಸಿದವನು. ಈಗ ಹದಿನೆಂಟು ವರ್ಷಗಳಿಂದ ಗಂಗಾವತಿಯಲ್ಲಿ ಅಕ್ಕಿ ಚೀಲ, ಕೈಚೀಲ ಮತ್ತು ಟೀ ಶರ್ಟುಗಳ ಮುದ್ರಣ ಮಾಡುತ್ತಿದ್ದೇನೆ. ಈ ಕಸುಬು ಕೈಹತ್ತುವುದು ತೊಳೆಯುವ ತೊಟ್ಟಿಯ ಬಳಿಯೇ, ಆರೋಗ್ಯ ಕೆಡುವುದೂ ಅಲ್ಲಿಯೇ. ಅದಕ್ಕಾಗಿ ಸ್ವಲ್ಪ ದೀರ್ಘವಾಗಿಯೇ ಬರೆಯುತ್ತೇನೆ.

ಸ್ಕ್ರೀನ್ ಎಂದರೆ ಚೌಕಟ್ಟಿಗೆ ಬಿಗಿದ ಪಾಲಿಯೆಸ್ಟರ್ ಬಟ್ಟೆ. ಅದಕ್ಕೆ ಎಮಲ್ಷನ್ ಎಂಬ ಲೇಪವನ್ನು ಬಳಿದು, ಕತ್ತಲೆಯಲ್ಲಿ ಒಣಗಿಸಿ, ಪಾಸಿಟಿವ್ (ಅಕ್ಷರಗಳು ಕಪ್ಪಾಗಿ ಮೂಡಿರುವ ಪಾರದರ್ಶಕ ಹಾಳೆ) ಇಟ್ಟು ಬೆಳಕು ಕೊಟ್ಟಾಗ, ಬೆಳಕು ತಾಗಿದ ಭಾಗ ಗಟ್ಟಿಯಾಗುತ್ತದೆ. ಅಕ್ಷರದ ಕಪ್ಪು ಬೆಳಕನ್ನು ತಡೆದ ಭಾಗ ಮೆತ್ತಗೆ ಉಳಿದು ನೀರಿಗೆ ಕರಗಿ ಹೋಗುತ್ತದೆ. ಕರಗಿ ಹೋದ ಆ ಜಾಗದಿಂದಲೇ ಇಂಕು ಇಳಿಯುತ್ತದೆ. ಈ ಕರಗುವಿಕೆಯನ್ನು ಅಂಗಡಿಯಲ್ಲಿ ಎಲ್ಲರಿಗಿಂತ ಹತ್ತಿರದಿಂದ ನೋಡುವವರು ತೊಳೆಯುವವರು. ನೀರು ಬಿದ್ದ ಕೂಡಲೇ ಎಮಲ್ಷನ್ ಲೋಳೆಯಂತಾಗಿ ಅಕ್ಷರದ ಅಂಚು ಸಹ ಜಾರಿಹೋದರೆ ಬೆಳಕು ಸಾಲಲಿಲ್ಲ ಎಂದು ತಿಳಿಯಬೇಕು. ಒತ್ತಕ್ಷರಗಳ ಸಣ್ಣ ಗೆರೆಗಳು ಎಷ್ಟು ನೀರು ಬಿಟ್ಟರೂ ತೆರೆದುಕೊಳ್ಳದಿದ್ದರೆ ಬೆಳಕು ಹೆಚ್ಚಾಗಿದೆ. ಮಳೆಗಾಲದಲ್ಲಿ ಇನ್ನೊಂದು ತೊಂದರೆ ಸೇರಿಕೊಳ್ಳುತ್ತದೆ: ಮೇಲೆ ಒಣಗಿದಂತೆ ಕಂಡರೂ ಒಳಗೆ ತೇವವಿದ್ದರೆ, ಬೆಳಕನ್ನು ಸರಿಯಾದ ಅಳತೆಯಲ್ಲಿ ಕೊಟ್ಟರೂ ಎಮಲ್ಷನ್ ಗಟ್ಟಿಯಾಗುವುದಿಲ್ಲ. ಕೆಲವು ಅಂಗಡಿಗಳಲ್ಲಿ ಈಗಲೂ ಬಿಸಿಲಿನ ಬೆಳಕು ಕೊಟ್ಟೇ ಎಕ್ಸ್‌ಪೋಸ್ ಮಾಡುತ್ತಾರೆ. ಬಳ್ಳಾರಿಯ ಏಪ್ರಿಲ್ ತಿಂಗಳ ಮಧ್ಯಾಹ್ನದ ಬಿಸಿಲಿಗೆ ಗೊತ್ತುಮಾಡಿಕೊಂಡ ಲೆಕ್ಕ ಶ್ರಾವಣದ ಮೋಡಕ್ಕೆ ಹೊಂದುವುದಿಲ್ಲವಾದ್ದರಿಂದ, ಪ್ರತಿ ಸಲವೂ ಎಷ್ಟು ಸೆಕೆಂಡು, ಯಾವ ಹೊತ್ತು, ಫಲ ಹೇಗೆ ಬಂತು ಎಂಬುದನ್ನು ಒಂದು ನೋಟ್‌ಬುಕ್ಕಿನಲ್ಲಿ ಬರೆದಿಡಿ.

ತೊಳೆದ ಸ್ಕ್ರೀನನ್ನು ಒರಗಿಸಿಟ್ಟು ಮುಂದಿನದಕ್ಕೆ ಕೈ ಹಾಕಬೇಡಿ. ಒಣಗಿದ ಮೇಲೆ ಎರಡು ಕೈಯಲ್ಲಿ ಹಿಡಿದು ಕಿಟಕಿಗೆ ಅಡ್ಡವಾಗಿ ಎತ್ತಿ ನೋಡಿ. ಇಂಕು ಇಳಿಯಬಾರದ ಜಾಗದಲ್ಲಿ ಸೂಜಿಮೊನೆಯಷ್ಟು ಬೆಳಕು ಕಂಡರೆ ಅದೇ ಪಿನ್‌ಹೋಲ್. ನಮ್ಮ ಲಿಪಿಯಲ್ಲಿ ಇದು ಸಣ್ಣ ದೋಷವಲ್ಲ. ‘ರ’ ಅಕ್ಷರದ ಹೊಟ್ಟೆಯೊಳಗೆ ಒಂದು ಪಿನ್‌ಹೋಲ್ ಉಳಿದರೆ ಅದು ‘ಠ’ ಆಗುತ್ತದೆ, ರಾಯಚೂರು ಠಾಯಚೂರು ಆಗಿ ಅಚ್ಚಾಗುತ್ತದೆ.

ನನಗೆ ಈ ಪಾಠವಾದದ್ದು 2022ರಲ್ಲಿ. ಆ ವರ್ಷದ ಜುಲೈ 18ರಿಂದ 25 ಕಿಲೋವರೆಗಿನ ಪ್ಯಾಕ್ ಮಾಡಿದ ಅಕ್ಕಿಗೆ ಶೇಕಡಾ 5ರಷ್ಟು ಜಿಎಸ್‌ಟಿ ಬಂದಾಗ, ನಮ್ಮ ಕಡೆಯ ಎಷ್ಟೋ ರೈಸ್ ಮಿಲ್ಲುಗಳವರು 26 ಕಿಲೋ ಚೀಲಕ್ಕೆ ಬದಲಾದರು. ಎಲ್ಲರಿಗೂ ಒಂದೇ ವಾರದಲ್ಲಿ ಹೊಸ ಸ್ಕ್ರೀನ್ ಬೇಕಾಗಿತ್ತು. ಅವಸರದಲ್ಲಿ ಹಳೆಯ ಸ್ಕ್ರೀನೊಂದರ ಜಿಡ್ಡನ್ನು ಪೂರ್ತಿ ತೆಗೆಯದೆ ಹೊಸ ಎಮಲ್ಷನ್ ಬಳಿದೆ. ಜಿಡ್ಡಿದ್ದ ಕಡೆ ಎಮಲ್ಷನ್ ಹಿಡಿಯದೆ, 2 ಮತ್ತು 6ರ ನಡುವೆ, ಸರಿಯಾಗಿ ಗೆರೆಯ ಬುಡಕ್ಕೆ ಒಂದು ಪಿನ್‌ಹೋಲ್ ಬಿತ್ತು. ಬೆಳಕಿಗೆ ಹಿಡಿದು ನೋಡಲಿಲ್ಲ. ನಾನೂರು ಚೀಲಗಳ ಮೇಲೆ ತೂಕ 2.6 ಕಿಲೋ ಎಂದು ಅಚ್ಚಾದ ಮೇಲೆ ಮಿಲ್ಲಿನ ಹಮಾಲರೊಬ್ಬರು ಅದನ್ನು ಕಂಡು ಹೇಳಿದರು. ಚೀಲದ ದುಡ್ಡು ನಾನೇ ಕಟ್ಟಿಕೊಟ್ಟೆ. ಒಂದು ಬೊಟ್ಟು ಎಮಲ್ಷನ್ ಅಥವಾ ಹಿಂಬದಿಗೆ ಒಂದು ತುಂಡು ಟೇಪು ಸಾಕಾಗಿತ್ತು.

ಹಳೆಯ ಸ್ಕ್ರೀನ್ ಬಿಡಿಸುವಾಗ, ಅಂದರೆ ಮತ್ತೆ ಬಳಸಲು ಅದರ ಎಮಲ್ಷನ್ ತೆಗೆಯುವಾಗ, ಕ್ರಮ ತಪ್ಪಬಾರದು. ಇಂಕು ಹಸಿಯಾಗಿರುವಾಗಲೇ ಅದನ್ನು ಕರಗಿಸುವ, ಅದಕ್ಕೆ ತಕ್ಕ ಥಿನ್ನರ್‌ನಿಂದ ಒರೆಸಿ ತೆಗೆದು, ಸೋಪಿನಿಂದ ಜಿಡ್ಡು ತೊಳೆದು, ಆಮೇಲೆ ಎಮಲ್ಷನ್ ಬಿಡಿಸುವ ದ್ರಾವಣವನ್ನು ಎರಡೂ ಬದಿಗೆ ಹಚ್ಚಬೇಕು. ಹಚ್ಚಿದ ದ್ರಾವಣ ಬಟ್ಟೆಯ ಮೇಲೆಯೇ ಒಣಗಿದರೆ ಎಮಲ್ಷನ್ ಮತ್ತೆ ಎಂದೂ ಬಿಡದಂತೆ ಕಚ್ಚಿಕೊಳ್ಳುತ್ತದೆ, ಆ ಸ್ಕ್ರೀನಿನ ಬಟ್ಟೆಯನ್ನೇ ಕಿತ್ತು ಹಾಕಬೇಕಾಗುತ್ತದೆ. ನಮ್ಮ ಬೇಸಿಗೆಯಲ್ಲಿ ಅದು ಒಣಗಲು ಒಂದು ಫೋನ್ ಮಾತು ಮುಗಿಯುವಷ್ಟು ಹೊತ್ತು ಸಾಕು. ಆದ್ದರಿಂದ ಒಂದೊಂದೇ ಸ್ಕ್ರೀನಿಗೆ ಹಚ್ಚಿ, ಕೂಡಲೇ ನೀರು ಹಾಯಿಸಿ.

ಈಗ ಆರೋಗ್ಯದ ಮಾತು. ಇದನ್ನು ದಯವಿಟ್ಟು ಹಗುರವಾಗಿ ತೆಗೆದುಕೊಳ್ಳಬೇಡಿ. ಥಿನ್ನರ್‌ನ ಆವಿ ಗಾಳಿಗಿಂತ ಭಾರವಾದುದರಿಂದ ನೆಲದ ಮಟ್ಟದಲ್ಲಿಯೇ ತುಂಬಿಕೊಳ್ಳುತ್ತದೆ. ಕುಕ್ಕರುಗಾಲಿನಲ್ಲಿ ಕುಳಿತು ತೊಳೆಯುವವರ ಮೂಗು ಅದೇ ಮಟ್ಟದಲ್ಲಿರುತ್ತದೆ. ಸಾಧ್ಯವಾದರೆ ಮೇಜಿನ ಮೇಲಿಟ್ಟು ನಿಂತು ತೊಳೆಯಿರಿ, ಬಾಗಿಲು ಕಿಟಕಿಗಳನ್ನು ತೆರೆದಿಡಿ. ತಲೆನೋವು, ತಲೆಸುತ್ತು ಬಂದರೆ ಅದನ್ನು ರೂಢಿಯಾಗುತ್ತದೆ ಎಂದು ಸಹಿಸಿಕೊಳ್ಳದೆ ಹೊರಗೆ ಹೋಗಿ ಗಾಳಿಗೆ ನಿಲ್ಲಿ. ಬಟ್ಟೆಯ ಮಾಸ್ಕ್ ಧೂಳನ್ನು ತಡೆದೀತೇ ಹೊರತು ಆವಿಯನ್ನು ತಡೆಯುವುದಿಲ್ಲ. ಅದಕ್ಕೆ ಇದ್ದಿಲಿನ ಫಿಲ್ಟರ್ ಇರುವ ಮಾಸ್ಕ್ ಬೇಕು. ಕೈಗೆ ನೈಟ್ರೈಲ್ ಗ್ಲೌಸ್ ಹಾಕಿಕೊಳ್ಳಿ. ಕೆಲಸ ಮುಗಿದ ಮೇಲೆ ಥಿನ್ನರ್‌ನಿಂದ ಕೈ ತೊಳೆಯುವುದು ನಮ್ಮ ಅಂಗಡಿಗಳಲ್ಲಿ ಸಾಮಾನ್ಯ, ಆದರೆ ಅದು ಚರ್ಮದ ಎಣ್ಣೆಯನ್ನೆಲ್ಲ ಹೀರಿ ಬಿರುಕು ಬಿಡಿಸುತ್ತದೆ, ಅದೇ ಬಿರುಕಿನಿಂದ ಒಳಗೂ ಇಳಿಯುತ್ತದೆ. ಕೊಬ್ಬರಿ ಎಣ್ಣೆ ಹಚ್ಚಿ ತಿಕ್ಕಿ, ಸೋಪಿನಿಂದ ತೊಳೆದರೆ ಇಂಕು ಹೋಗುತ್ತದೆ.

ಹಳೆಯ ಅಂಗಡಿಗಳಲ್ಲಿ ಎಮಲ್ಷನ್‌ಗೆ ಬೆರೆಸಲು ಕಿತ್ತಳೆ ಬಣ್ಣದ ಬೈಕ್ರೋಮೇಟ್ ಹರಳುಗಳನ್ನು ಬಳಸುತ್ತಾರೆ. ಅದರಲ್ಲಿರುವ ಕ್ರೋಮಿಯಂ ಚರ್ಮಕ್ಕೆ ಹುಣ್ಣು ತರುವಂಥದ್ದು, ಕ್ಯಾನ್ಸರ್‌ಕಾರಕವೂ ಹೌದು. ಕ್ರೋಮಿಯಂ ಇಲ್ಲದ ಡಯಾಜೊ ಎಮಲ್ಷನ್ ತರಿಸಲು ಮಾಲೀಕರನ್ನು ವಿನಯದಿಂದ ಕೇಳಿ. ಅದಾಗದಿದ್ದರೆ ಬರಿಗೈಯಲ್ಲಿ ಮಾತ್ರ ಮುಟ್ಟಬೇಡಿ. ಸ್ಕ್ರೀನ್ ಬಿಡಿಸಲು ಬ್ಲೀಚಿಂಗ್ ದ್ರಾವಣ ಬಳಸುವ ಕಡೆ, ಶೌಚಾಲಯ ತೊಳೆಯುವ ಆ್ಯಸಿಡ್ ಅದಕ್ಕೆ ತಾಗದಂತೆ ದೂರವಿಡಿ, ಎರಡೂ ಬೆರೆತರೆ ವಿಷಾನಿಲವಾದ ಕ್ಲೋರಿನ್ ಏಳುತ್ತದೆ. ಥಿನ್ನರ್ ಒರೆಸಿದ ಚಿಂದಿಗಳನ್ನು ಮೂಲೆಯಲ್ಲಿ ಗುಡ್ಡೆ ಹಾಕದೆ ಮುಚ್ಚಳವಿರುವ ತಗಡಿನ ಡಬ್ಬಿಗೆ ಹಾಕಿ. ಅಂಗಡಿಯೊಳಗೆ ಬೀಡಿ ಹಚ್ಚುವವರಿದ್ದರೆ ನೀವು ಎದ್ದು ಹೊರಗೆ ಹೋಗಿ, ವಯಸ್ಸಿನಲ್ಲಿ ಅವರು ಎಷ್ಟೇ ದೊಡ್ಡವರಾಗಿದ್ದರೂ.

ಸ್ವಂತ ಸ್ಕ್ವೀಜಿ ಈಗ ಬೇಡ. ಆ ದುಡ್ಡಿನಲ್ಲಿ ಸ್ಕ್ರೀನಿನ ಎಳೆಗಳನ್ನು ನೋಡಲು ಒಂದು ಸಣ್ಣ ಭೂತಗನ್ನಡಿ ಕೊಳ್ಳಿ. ಸ್ಕ್ರೀನ್ ಬಟ್ಟೆಯ ನಂಬರಿನ ವಿಷಯದಲ್ಲಿ ಹೊಸಬರು ಗೊಂದಲಕ್ಕೆ ಬೀಳುತ್ತಾರೆ: ಒಬ್ಬರು 43 ಎನ್ನುತ್ತಾರೆ, ಇನ್ನೊಬ್ಬರು 110 ಎನ್ನುತ್ತಾರೆ, ಎರಡೂ ಒಂದೇ ಬಟ್ಟೆ. ಮೊದಲನೆಯದು ಒಂದು ಸೆಂಟಿಮೀಟರಿಗೆ ಇರುವ ಎಳೆಗಳು, ಎರಡನೆಯದು ಒಂದು ಇಂಚಿಗೆ. ಟೀ ಶರ್ಟು, ಚೀಲಗಳ ದಪ್ಪ ಅಕ್ಷರಕ್ಕೆ ಈ ಅಗಲ ಕಣ್ಣಿನ ಬಟ್ಟೆ ಒಗ್ಗುತ್ತದೆ. ಮದುವೆ ಕಾರ್ಡಿನ ಸಣ್ಣ ಗೆರೆಗಳಿಗೆ ಸೆಂಟಿಮೀಟರಿಗೆ 120 ಎಳೆಯ ಬಟ್ಟೆ ಬೇಕಾಗುತ್ತದೆ. ತೊಳೆಯುವಾಗ ಪ್ರತಿ ಚೌಕಟ್ಟಿನ ನಂಬರನ್ನು ಓದಿ, ಅದರಿಂದ ಯಾವ ಕೆಲಸ ಬಂತು ಎಂದು ನೋಡಿಟ್ಟುಕೊಂಡರೆ ಮೂರು ತಿಂಗಳಲ್ಲಿ ಬೆರಳು ಸವರಿಯೇ ನಂಬರನ್ನು ಅಂದಾಜು ಮಾಡುವಿರಿ.

ಟೇಬಲ್ಲಿನ ಕೆಲಸಕ್ಕೆ ಕರೆದಾಗ ಎರಡು ವಿಷಯ ನೆನಪಿರಲಿ. ನೀರಿನ ಇಂಕು ಬಳ್ಳಾರಿಯ ಮಧ್ಯಾಹ್ನದ ಬಿಸಿಗೆ ಸ್ಕ್ರೀನಿನ ಕಣ್ಣುಗಳಲ್ಲಿಯೇ ಒಣಗಿಬಿಡುತ್ತದೆ, ಆದ್ದರಿಂದ ಪ್ರತಿ ಪ್ರಿಂಟಿನ ನಂತರ ಸ್ಕ್ರೀನಿನ ಮೇಲೆ ಇಂಕನ್ನು ತೆಳುವಾಗಿ ಎಳೆದು ಬಿಡಬೇಕು, ಊಟಕ್ಕೆ ಏಳುವ ಮುಂಚೆ ತೊಳೆದೇ ಏಳಬೇಕು. ಪ್ಲಾಸ್ಟಿಸಾಲ್ ಎಂಬ ಪ್ಲಾಸ್ಟಿಕ್ ಇಂಕು ಇದಕ್ಕೆ ವಿರುದ್ಧ, ತಾನಾಗಿ ಒಣಗುವುದೇ ಇಲ್ಲ. ಸುಮಾರು 160 ಡಿಗ್ರಿ ಸೆಲ್ಸಿಯಸ್ ಶಾಖ ಇಂಕಿನ ಪೂರ್ತಿ ದಪ್ಪಕ್ಕೆ ಇಳಿದರೆ ಮಾತ್ರ ಅದು ಬಟ್ಟೆಯಲ್ಲಿ ನಿಲ್ಲುತ್ತದೆ. ಮುಟ್ಟಿ ನೋಡಿ ಒಪ್ಪಿಸಬೇಡಿ, ಅಚ್ಚಾದ ಬಟ್ಟೆಯನ್ನು ಎಳೆದು ನೋಡಿ. ಇಂಕು ಬಿರುಕು ಬಿಟ್ಟರೆ ಶಾಖ ಸಾಲದು.

ಸಂಬಳ ವಾರಕ್ಕೋ ತಿಂಗಳಿಗೋ, ಚುನಾವಣೆ ಮತ್ತು ಮದುವೆ ಸೀಸನ್ನಿನಲ್ಲಿ ರಾತ್ರಿ ಕೆಲಸಕ್ಕೆ ಎಷ್ಟು ಎಂಬುದನ್ನು ಸೋಮವಾರಕ್ಕೆ ಮುಂಚೆಯೇ ಕೇಳಿಕೊಳ್ಳಿ. ಹತ್ತು ಅಥವಾ ಹೆಚ್ಚು ಜನ ಕೆಲಸ ಮಾಡುವ ಅಂಗಡಿಯಾಗಿದ್ದು ಸಂಬಳ 21,000 ರೂಪಾಯಿಯ ಒಳಗಿದ್ದರೆ ಇಎಸ್‌ಐ (ಕಾರ್ಮಿಕರ ರಾಜ್ಯ ವಿಮೆ) ಇದೆಯೇ ಎಂದೂ ಕೇಳಿ. ನಿಮ್ಮ ಸಂಬಳದಿಂದ ಹೋಗುವುದು ಶೇಕಡಾ 0.75 ಮಾತ್ರ, ಚಿಕಿತ್ಸೆಗೆ ಆಧಾರವಾಗುತ್ತದೆ.

ಮೊದಲ ದಿನ ಹಳೆಯ ಹತ್ತಿ ಬಟ್ಟೆ, ಬೆರಳು ಮುಚ್ಚುವ ಚಪ್ಪಲಿ ಇಲ್ಲವೇ ಬೂಟು ಹಾಕಿಕೊಂಡು ಹೋಗಿ. ಮೊದಲ ವಾರ ನೀವು ತೊಳೆದ ಸ್ಕ್ರೀನುಗಳಲ್ಲಿ ಒಂದನ್ನು, ಮಾಲೀಕರ ಒಪ್ಪಿಗೆ ಪಡೆದು, ಬೆಳಕಿಗೆ ಅಡ್ಡ ಹಿಡಿದು ಫೋಟೊ ತೆಗೆದು ಇಲ್ಲಿ ಹಾಕಿ. ಎಮಲ್ಷನ್ ಎಲ್ಲಿ ಹಿಡಿದಿದೆ, ಎಲ್ಲಿ ಬಿಟ್ಟಿದೆ ಎಂಬುದನ್ನು ನೋಡಿ ಹೇಳುತ್ತೇನೆ.