ಬೈಲುಗದ್ದೆಯೂ ಜೌಗುಭೂಮಿಯೇ?

ಪ್ರಶ್ನೆ: ನಮ್ಮೂರಿನ ಬೈಲುಗದ್ದೆಗಳಿಗೆ ಕೆಮ್ಮಣ್ಣು ತುಂಬಿಸಿ ನಿವೇಶನ ಮಾಡುತ್ತಿದ್ದಾರೆ. ಇಂಥ ಗದ್ದೆಗಳೂ ಜೌಗುಭೂಮಿಗಳೇ? ಅವುಗಳಿಗೆ ಕಾನೂನಿನ ರಕ್ಷಣೆ ಇದೆಯೇ?
– ಓದುಗರೊಬ್ಬರು, ಉಡುಪಿ

ಉತ್ತರ: 1971ರಲ್ಲಿ ಇರಾನಿನ ರಾಮ್ಸರ್ ಪಟ್ಟಣದಲ್ಲಿ ಅಂಗೀಕಾರವಾದ ಜೌಗುಭೂಮಿಗಳ ಕುರಿತ ಅಂತರರಾಷ್ಟ್ರೀಯ ಒಪ್ಪಂದವು ಕೆರೆ, ಅಳಿವೆ, ಕಾಂಡ್ಲಾ (ಮ್ಯಾಂಗ್ರೋವ್) ಕಾಡುಗಳ ಜೊತೆಗೆ, ಇಳಿತದ ವೇಳೆ 6 ಮೀಟರ್ ಮೀರದ ಆಳದ ಕಡಲನ್ನೂ, ನೀರು ನಿಲ್ಲುವ ಭತ್ತದ ಗದ್ದೆಯನ್ನೂ ಜೌಗುಭೂಮಿಯೆಂದೇ ಪರಿಗಣಿಸುತ್ತದೆ. ಆದರೆ ನಮ್ಮ ದೇಶದ 2017ರ ಜೌಗುಭೂಮಿ ಸಂರಕ್ಷಣಾ ನಿಯಮಗಳು ಭತ್ತದ ಗದ್ದೆಯನ್ನು ವ್ಯಾಖ್ಯೆಯಿಂದ ಹೊರಗಿಟ್ಟಿವೆ. ಕರಾವಳಿಯ ಮಟ್ಟಿಗೆ ಇದು ದೊಡ್ಡ ಕೊರತೆಯೆಂದು ನಾನು ಭಾವಿಸುತ್ತೇನೆ. ಮಳೆಗಾಲದಲ್ಲಿ ಗುಡ್ಡದಿಂದ ಇಳಿದು ಬರುವ ನೀರನ್ನು ತಡೆದು ನಿಲ್ಲಿಸಿ, ನಿಧಾನವಾಗಿ ನೆಲಕ್ಕೆ ಇಂಗಿಸಿ, ಸುತ್ತಲಿನ ಮನೆಬಾವಿಗಳನ್ನು ತುಂಬಿಸುವುದು ಈ ಬೈಲುಗಳೇ. ಕಪ್ಪೆ, ಏಡಿ, ಮೀನುಮರಿಗಳು ಬೆಳೆಯುವುದೂ, ಅವುಗಳನ್ನು ಅರಸಿ ಕೊಕ್ಕರೆ, ಬೆಳ್ಳಕ್ಕಿಗಳು ಬಂದಿಳಿಯುವುದೂ ಇಲ್ಲಿಯೇ. ಮಣ್ಣು ತುಂಬಿದ ಮೇಲೆ ಆ ನೀರು ತಗ್ಗಿನ ಮನೆಗಳತ್ತ ನುಗ್ಗುತ್ತದೆ.

ಜಗತ್ತಿನೆಲ್ಲೆಡೆ ಜೌಗುಭೂಮಿಗಳು ಕಾಡುಗಳಿಗಿಂತ ವೇಗವಾಗಿ ಕಣ್ಮರೆಯಾಗುತ್ತಿವೆ. ದಕ್ಷಿಣ ಅಮೆರಿಕದ ವಿಶಾಲ ಜೌಗುಭೂಮಿ ಪಾಂಟನಾಲ್ ಕೂಡ 2020ರ ಬರ ಮತ್ತು ಬೆಂಕಿಗೆ ತತ್ತರಿಸಿತು. ನಮ್ಮ ರಾಜ್ಯದ ಅಘನಾಶಿನಿ ಅಳಿವೆ 2024ರಲ್ಲಿ ಅಂತರರಾಷ್ಟ್ರೀಯ ಮಹತ್ವದ ಜೌಗುಭೂಮಿಗಳ ರಾಮ್ಸರ್ ಪಟ್ಟಿಗೆ ಸೇರಿರುವುದು ಸಂತಸದ ಸಂಗತಿ.

ನಿಮ್ಮ ಬೈಲಿಗೆ ಜೌಗುಭೂಮಿ ನಿಯಮಗಳ ಬಲವಿಲ್ಲದಿದ್ದರೂ, ಅಳಿವೆಯಂಚಿನ ಕಾಂಡ್ಲಾ ಕಾಡುಗಳಿಗೆ ಕರಾವಳಿ ನಿಯಂತ್ರಣ ವಲಯದ ಅಧಿಸೂಚನೆಯ ರಕ್ಷಣೆ ಇದೆ. ಅಲ್ಲಿ ಮಣ್ಣು ಸುರಿಯುವುದು ಕಂಡರೆ ಜಿಲ್ಲಾಧಿಕಾರಿಗಳಿಗೆ ಲಿಖಿತ ದೂರು ಸಲ್ಲಿಸಬಹುದು.