ಬೈಕಿನ ಆಯಿಲ್‌ಗೂ ಪೆಟ್ರೋಲ್‌ಗೂ ಅಡಿಟಿವ್ ಹಾಕಿಸಿದರೆ ಎಂಜಿನ್‌ಗೆ ನಿಜವಾಗಿ ಉಪಯೋಗವಿದೆಯೇ?

ನಿಮ್ಮ 125 ಸಿಸಿ ಬೈಕು 40 ಸಾವಿರ ಕಿಲೋಮೀಟರ್ ದಾಟಿದೆ, ಸರ್ವಿಸ್‌ಗೆ ಬಿಟ್ಟಾಗಲೆಲ್ಲ ಎಂಜಿನ್ ಆಯಿಲ್‌ಗೆ ಒಂದು ಬಾಟಲಿ, ಟ್ಯಾಂಕಿಗೆ ಇನ್ನೊಂದು ಬಾಟಲಿ ಅಡಿಟಿವ್ (ಹೆಚ್ಚುವರಿಯಾಗಿ ಬೆರೆಸುವ ರಾಸಾಯನಿಕ) ಹಾಕಿಸಿಕೊಳ್ಳಿ ಎನ್ನುತ್ತಾರೆ, ಹಾಕಿಸಬೇಕೇ ಬೇಡವೇ ಎಂದು ಕೇಳಿದ್ದೀರಿ. ಆಯಿಲ್‌ಗೆ ಹಾಕುವುದು ಖಂಡಿತ ಬೇಡ. ಪೆಟ್ರೋಲ್‌ಗೆ ಹಾಕುವವುಗಳಲ್ಲಿ ಒಂದು ಬಗೆಯದಕ್ಕೆ ಮಾತ್ರ, ಅದೂ ತೊಂದರೆ ಕಾಣಿಸಿಕೊಂಡಾಗ, ಸ್ವಲ್ಪ ಅರ್ಥವಿದೆ. ನಾನು ಮೆಕ್ಯಾನಿಕ್ ಅಲ್ಲ. ಕೋಲಾರದಿಂದ ನರಸಾಪುರದ ಕೈಗಾರಿಕಾ ಪ್ರದೇಶಕ್ಕೆ ವರ್ಷಗಳಿಂದ ಬೈಕಿನಲ್ಲೇ ಹೋಗಿಬರುವವನು, ಈ ಎರಡೂ ಬಾಟಲಿಗಳಿಗೆ ದುಡ್ಡು ಕೊಟ್ಟು ಕ್ಲಚ್ ಪ್ಲೇಟುಗಳನ್ನು ಕಳೆದುಕೊಂಡವನು.

ಕಾರಿನಲ್ಲಿ ಎಂಜಿನ್‌ಗೆ ಒಂದು ಆಯಿಲ್, ಗೇರ್‌ಬಾಕ್ಸ್‌ಗೆ ಬೇರೆಯದೇ ಆಯಿಲ್. ಗೇರು ಹಾಕಿ ಓಡಿಸುವ ಕಾರುಗಳಲ್ಲಿ ಕ್ಲಚ್‌ಗೆ ಸಾಮಾನ್ಯವಾಗಿ ಆಯಿಲ್ ಸೋಕುವುದೇ ಇಲ್ಲ. ನಮ್ಮ ಗೇರಿನ ಬೈಕುಗಳಲ್ಲಿ ಹಾಗಲ್ಲ: ಸುಮಾರು ಒಂದು ಲೀಟರಿನಷ್ಟಿರುವ ಅದೇ ಆಯಿಲ್ ಪಿಸ್ಟನ್ನನ್ನೂ ಕ್ಯಾಮನ್ನೂ ಸವೆಯದಂತೆ ಕಾಯಬೇಕು, ಗೇರಿನ ಹಲ್ಲುಗಳ ಮೇಲಿನ ಒತ್ತಡವನ್ನು ತಾಳಬೇಕು, ಜೊತೆಗೆ ತನ್ನಲ್ಲೇ ಮುಳುಗಿರುವ ಕ್ಲಚ್ ಪ್ಲೇಟುಗಳು ಒಂದರ ಮೇಲೊಂದು ಜಾರದಂತೆಯೂ ಇರಬೇಕು. ಒಂದು ಕಡೆ ನುಣುಪು ಬೇಕು, ಪಕ್ಕದಲ್ಲೇ ಹಿಡಿತವೂ ಬೇಕು. ಈ ಕಾರಣಕ್ಕಾಗಿಯೇ ಬೈಕ್ ಆಯಿಲ್‌ಗೆಂದು ಜಪಾನಿನವರು ಜಾಸೋ ಎಂಬ ಪ್ರತ್ಯೇಕ ಮಾನದಂಡವನ್ನು ಮಾಡಿದ್ದಾರೆ. ಡಬ್ಬದ ಹಿಂದೆ 'ಎಂಎ' ಅಥವಾ 'ಎಂಎ2' ಎಂದಿದ್ದರೆ ಅದರಲ್ಲಿ ಕ್ಲಚ್‌ಗೆ ಬೇಕಾದ ಘರ್ಷಣೆ ಉಳಿದಿದೆ ಎಂದು ಅರ್ಥ. 'ಎಂಬಿ' ಎಂದಿದ್ದರೆ ಘರ್ಷಣೆ ಕಡಿಮೆ, ಅದು ಆಯಿಲ್ ಸೋಕದ ಕ್ಲಚ್ ಇರುವ ಗೇರಿಲ್ಲದ ಸ್ಕೂಟರುಗಳಿಗೆ. 'ಘರ್ಷಣೆ ಕಡಿಮೆ ಮಾಡುತ್ತದೆ' ಎಂದು ಬರೆದಿರುವ ಬಾಟಲಿಯನ್ನು ಎಂಎ2 ಆಯಿಲ್‌ಗೆ ಸುರಿದರೆ, ಡಬ್ಬದ ಮೇಲೆ ಕೊಟ್ಟ ಆ ಭರವಸೆಯನ್ನು ನಾವೇ ಕೆಡಿಸಿದಂತಾಗುತ್ತದೆ.

ನನಗಾದದ್ದು ಅದೇ. ಸರ್ವಿಸ್‌ನವರ ಮಾತು ಕೇಳಿ ಹಾಕಿಸಿದ ಮೇಲೆ ಮೊದಲ ಕೆಲವು ದಿನ ಎಂಜಿನ್ ಸದ್ದು ಕಡಿಮೆಯಾದಂತೆ ಅನ್ನಿಸಿದ್ದು ನಿಜ. ಒಂದು ಭಾನುವಾರ ಹೆಂಡತಿಯನ್ನು ಕೂರಿಸಿಕೊಂಡು ನಂದಿಬೆಟ್ಟ ಹತ್ತುವಾಗ, ತಿರುವು ಮುಗಿಸಿ ಎರಡನೇ ಗೇರಿನಲ್ಲಿ ಆಕ್ಸಿಲರೇಟರ್ ತಿರುಗಿಸಿದರೆ ಎಂಜಿನ್ ಮಾತ್ರ ಕಿರುಚುತ್ತಿತ್ತು, ಗಾಡಿ ನಡೆದು ಹೋಗುವವರ ವೇಗದಲ್ಲೇ ಇತ್ತು, ಸುಟ್ಟ ವಾಸನೆ ಮೂಗಿಗೆ ಬಡಿಯಿತು. ಮರುದಿನ ನಮ್ಮ ಬೀದಿಯ ಹಳೆಯ ಮೆಕ್ಯಾನಿಕ್ ಪ್ಲೇಟುಗಳನ್ನು ಬಿಚ್ಚಿ ಅಂಗೈಯಲ್ಲಿಟ್ಟು ತೋರಿಸಿದರು. ಒರಟಾಗಿರಬೇಕಾದ ಕಾರ್ಕ್ ಮೇಲ್ಮೈ ಗಾಜಿನಂತೆ ಹೊಳೆಯುತ್ತಿತ್ತು, ಉಕ್ಕಿನ ಪ್ಲೇಟುಗಳಲ್ಲಿ ಎರಡು ನೀಲಿಗಟ್ಟಿದ್ದವು. 'ಇದಕ್ಕೆ ಎಣ್ಣೆ ಹಚ್ಚಿ ಕಳಿಸಿದ್ದಾರಲ್ಲ ಸಾರ್' ಎಂದರು. ಆಯಿಲ್ ಬದಲಾಯಿಸಿದರೂ ಹಿಡಿತ ಮರಳಲಿಲ್ಲ, ಪ್ಲೇಟುಗಳ ಸೆಟ್ಟನ್ನೇ ಹೊಸದು ಹಾಕಿಸಬೇಕಾಯಿತು.

ಅಂಗಡಿಯವರು ಹೇಳದ ಇನ್ನೊಂದು ಸಂಗತಿಯೆಂದರೆ, ಒಳ್ಳೆಯ ಆಯಿಲ್ ಎನ್ನುವುದೇ ಅರ್ಧ ಅಡಿಟಿವ್‌ಗಳ ಕತೆ. ಮಸಿ ಕಟ್ಟದಂತೆ ತೊಳೆಯುವ ಕ್ಯಾಲ್ಸಿಯಂ ಲವಣಗಳು, ತೊಳೆದ ಮಸಿಯನ್ನು ತಳಕ್ಕೆ ಕೂರಲು ಬಿಡದ ರಾಸಾಯನಿಕ, ನೊರೆ ತಡೆಯುವುದು, ಆಯಿಲ್ ಬೇಗ ಹಳಸದಂತೆ ಕಾಯುವುದು, ಲೋಹಕ್ಕೆ ಲೋಹ ತಾಗುವ ಕಡೆ ಬಿಸಿಗೂ ಒತ್ತಡಕ್ಕೂ ತೆಳುಪೊರೆ ಕಟ್ಟುವ ಸತು ಮತ್ತು ರಂಜಕದ ಸಂಯುಕ್ತ, ಇವೆಲ್ಲವನ್ನೂ ತೂಗಿ ಅಳೆದು ಬೆರೆಸಿರುತ್ತಾರೆ. ಸತು ಒಳ್ಳೆಯದೆಂದು ಇನ್ನಷ್ಟು ಸುರಿದರೆ ಪೊರೆ ಇನ್ನಷ್ಟು ದಪ್ಪವಾಗುವುದಿಲ್ಲ. ಬದಲಿಗೆ ಆಯಿಲ್ ಸುಟ್ಟಾಗ ಹೊರಬರುವ ರಂಜಕ, ಹೊಗೆಯ ವಿಷಾನಿಲಗಳನ್ನು ತಗ್ಗಿಸಲು ಸೈಲೆನ್ಸರಿನೊಳಗೆ ಇಟ್ಟಿರುವ ಕ್ಯಾಟಲಿಟಿಕ್ ಕನ್ವರ್ಟರನ್ನು ಹಾಳು ಮಾಡುತ್ತದೆ. ಸಾರಿಗೆ ಉಪ್ಪು ಬೇಕು ಎಂದು ಬಡಿಸುವಾಗ ಮತ್ತೊಂದು ಹಿಡಿ ಹಾಕುವವರಿಲ್ಲವಲ್ಲ.

ಟೆಫ್ಲಾನ್ ಇರುವ ಬಾಟಲಿಗಳ ವಾದ ಕೇಳಲು ಚೆನ್ನಾಗಿರುತ್ತದೆ: ದೋಸೆ ಹುಯ್ಯುವ ಕಾವಲಿಗೆ ಟೆಫ್ಲಾನ್ ಅಂಟಿಕೊಂಡಂತೆ ಸಿಲಿಂಡರಿಗೂ ಅಂಟಿಕೊಳ್ಳುತ್ತದಂತೆ. ಕಾವಲಿಗಾದರೋ ಮೇಲ್ಮೈಯನ್ನು ಒರಟು ಮಾಡಿ, ಬಳಿದು, ಭಾರಿ ಉಷ್ಣತೆಯಲ್ಲಿ ಬೇಯಿಸಿ ಅಂಟಿಸುತ್ತಾರೆ. ನಿಮಿಷಕ್ಕೆ ಸಾವಿರಾರು ಸಲ ಉಜ್ಜುತ್ತಿರುವ ಪಿಸ್ಟನ್ ರಿಂಗುಗಳ ನಡುವೆ, ಆಯಿಲ್‌ನಲ್ಲಿ ತೇಲುವ ಪುಡಿ ಹಾಗೆ ಅಂಟಿ ಕೂರುವುದಾದರೂ ಹೇಗೆ? ಈ ಬಗೆಯ ಪ್ರಸಿದ್ಧ ಉತ್ಪನ್ನವಾದ ಸ್ಲಿಕ್ 50 ವಿರುದ್ಧ ಅಮೆರಿಕದ ಫೆಡರಲ್ ಟ್ರೇಡ್ ಕಮಿಷನ್ 1996ರಲ್ಲಿ ದೂರು ಹೂಡಿತ್ತು. ಈ ಬಾಟಲಿ ಹಾಕದ ಎಂಜಿನ್‌ಗೆ ಸ್ಟಾರ್ಟ್ ಆಗುವ ಹೊತ್ತಿನಲ್ಲಿ ರಕ್ಷಣೆಯೇ ಇಲ್ಲ ಎಂಬಂತಹ ಜಾಹೀರಾತು ಸುಳ್ಳು ಎಂಬುದು ಆರೋಪ. 1997ರ ಒಪ್ಪಂದದಲ್ಲಿ ಆಧಾರವಿಲ್ಲದೆ ಹಾಗೆ ಹೇಳಿಕೊಳ್ಳುವುದನ್ನು ನಿರ್ಬಂಧಿಸಲಾಯಿತು.

ಆಯಿಲ್ ಸುಡುವ ಹಳೆಯ ಎಂಜಿನ್‌ಗೆ ಗಟ್ಟಿಯಾದ ಅಡಿಟಿವ್ ಹಾಕಿದರೆ ಹೊಗೆಯೂ ಸದ್ದೂ ಕೆಲವು ದಿನ ಕಡಿಮೆಯಾಗುತ್ತವೆ, ಆದರೆ ಸವೆದ ರಿಂಗು ಸವೆದೇ ಇರುತ್ತದೆ. ಇದರಿಂದ ನಿಜವಾದ ಲಾಭವಿರುವುದು ಗಾಡಿ ಮಾರುವವನಿಗೆ ಮಾತ್ರ. ಸೆಕೆಂಡ್ ಹ್ಯಾಂಡ್ ಬೈಕು ನೋಡಲು ಹೋದಾಗ ಡಿಪ್‌ಸ್ಟಿಕ್‌ನಿಂದ ಆಯಿಲ್ ಜೇನಿನಂತೆ ನಿಧಾನವಾಗಿ ತೊಟ್ಟಿಕ್ಕಿದರೆ ಅನುಮಾನಿಸಿ.

ಇನ್ನು ಪೆಟ್ರೋಲ್. ಇಲ್ಲಿ ಸ್ವಲ್ಪವಾದರೂ ಕೆಲಸ ಮಾಡುವುದು ಪಾಲಿಈಥರ್ ಅಮೀನ್ ಇರುವ ಕ್ಲೀನರ್. ಬಿಎಸ್6 ಎಂಬ ಹೊಗೆ ನಿಯಂತ್ರಣದ ಮಾನದಂಡ ಬಂದ ಮೇಲೆ, ಅಂದರೆ 2020ರ ಏಪ್ರಿಲ್‌ನಿಂದ, ಬೈಕುಗಳಲ್ಲಿ ಹೆಚ್ಚಾಗಿ ಬರುತ್ತಿರುವ, ಪೆಟ್ರೋಲ್ ಚಿಮ್ಮಿಸುವ ಇಂಜೆಕ್ಟರಿನ ಸಣ್ಣ ರಂಧ್ರಗಳಲ್ಲಿ ಮತ್ತು ಇನ್‌ಟೇಕ್ ವಾಲ್ವಿನ ಹಿಂಬದಿಯಲ್ಲಿ ಕಟ್ಟುವ ಜಿಡ್ಡನ್ನು ಅದು ಕರಗಿಸಬಲ್ಲದು. ಐಡ್ಲಿಂಗ್ ಏರುಪೇರಾಗುತ್ತಿದ್ದರೆ, ಪಿಕಪ್ ತಗ್ಗಿದ್ದರೆ, ಏರ್ ಫಿಲ್ಟರನ್ನೂ ಪ್ಲಗ್ಗನ್ನೂ ನೋಡಿಯಾದ ಮೇಲೆ ಒಮ್ಮೆ ಹಾಕಿ ನೋಡಬಹುದು. ಜಿಡ್ಡೇ ಇಲ್ಲದ ಎಂಜಿನ್‌ಗೆ ಪ್ರತಿ ಸರ್ವಿಸ್‌ನಲ್ಲೂ ಹಾಕುವುದು ತೊಳೆದ ತಟ್ಟೆಯನ್ನೇ ಮತ್ತೆ ತೊಳೆದಂತೆ. ನಿಮ್ಮದು ಕಾರ್ಬ್ಯುರೇಟರ್ ಗಾಡಿಯಾದರೆ ಅದನ್ನು ಬಿಚ್ಚಿಸಿ ಜೆಟ್ ಶುಚಿ ಮಾಡಿಸುವುದೇ ಮೇಲು.

ಆಕ್ಟೇನ್, ಅಂದರೆ ಪೆಟ್ರೋಲ್ ಹೊತ್ತಿಗೆ ಮೊದಲೇ ಸಿಡಿಯದಂತೆ ತಡೆಯುವ ಗುಣ, ಹೆಚ್ಚಿಸುವ ಬಾಟಲಿ ನಿಮಗೆ ಬೇಡ. ನಿಮ್ಮಂಥ 125 ಸಿಸಿ ಎಂಜಿನ್ ಬಂಕಿನಲ್ಲಿ ಸಿಗುವ ಸಾಮಾನ್ಯ ಪೆಟ್ರೋಲ್‌ಗೆಂದೇ ತಯಾರಾದದ್ದು. ಹಾಗೆ ಸಿಡಿದು ಬಡಿಯುವ ಸದ್ದು (ನಾಕಿಂಗ್) ಇಲ್ಲದ ಎಂಜಿನ್‌ಗೆ ಅದಕ್ಕಿಂತ ಹೆಚ್ಚು ಆಕ್ಟೇನ್ ಕೊಟ್ಟರೆ ಶಕ್ತಿ ಹೆಚ್ಚುವುದಿಲ್ಲ. ಇಂಥ ಕೆಲವು ಬಾಟಲಿಗಳಲ್ಲಿ ಕಬ್ಬಿಣದ ಅಂಶವಿರುವ ಫೆರೋಸೀನ್ ಇರುತ್ತದೆ. ಗೆಳೆಯನೊಬ್ಬನ ಗಾಡಿಯ ಪ್ಲಗ್ ಬಿಚ್ಚಿದಾಗ ಬಿಳಿಯ ಪಿಂಗಾಣಿಯ ಮೇಲೆ ಇಟ್ಟಿಗೆ ಬಣ್ಣದ ಲೇಪ ಕೂತಿದ್ದನ್ನು ನಾನೇ ನೋಡಿದ್ದೇನೆ.

ಈಗ 'ಎಥನಾಲ್ ರಕ್ಷಕ' ಎಂಬ ಬಾಟಲಿಗಳನ್ನೂ ಮಾರುತ್ತಿದ್ದಾರೆ. ಇ20, ಅಂದರೆ ಶೇಕಡಾ 20ರಷ್ಟು ಎಥನಾಲ್ ಬೆರೆಸಿದ ಪೆಟ್ರೋಲ್, ಬಂದ ಮೇಲೆ ಮೈಲೇಜ್ ಇಳಿಯಿತು ಎಂಬ ದೂರಿಗೆ ಆಧಾರವಿದೆ: ಒಂದು ಲೀಟರ್ ಎಥನಾಲ್‌ನಲ್ಲಿ ಪೆಟ್ರೋಲಿಗಿಂತ ಸುಮಾರು ಮೂರನೇ ಒಂದರಷ್ಟು ಶಕ್ತಿ ಕಡಿಮೆ, ಇ10ಕ್ಕೆ ಹೊಂದಿಸಿದ ಹಿಂದಿನ ದ್ವಿಚಕ್ರ ವಾಹನಗಳಲ್ಲಿ ಇ20ರಿಂದ ಮೈಲೇಜ್ ಶೇಕಡಾ 3ರಿಂದ 4ರಷ್ಟು ಇಳಿಯಬಹುದೆಂದು 2021ರ ನೀತಿ ಆಯೋಗದ ವರದಿಯೇ ಅಂದಾಜಿಸಿತ್ತು. ಇಲ್ಲದ ಶಕ್ತಿಯನ್ನು ಟ್ಯಾಂಕಿಗೆ ಸುರಿದ ಕೆಲವೇ ಎಂ.ಎಲ್. ದ್ರವ ತುಂಬಿಕೊಡಲಾರದು. ಎಥನಾಲ್ ನೀರನ್ನು ಎಳೆದುಕೊಳ್ಳುತ್ತದೆ ಎಂಬುದೂ ನಿಜ, ಆದರೆ ನೀರು ಬೇರ್ಪಟ್ಟು ಟ್ಯಾಂಕಿನ ತಳದಲ್ಲಿ ಕೂತ ಮೇಲೆ ಅದನ್ನು ಬಸಿದು ತೆಗೆಯುವುದೇ ದಾರಿ. ತಿಂಗಳುಗಟ್ಟಲೆ ನಿಲ್ಲಿಸುವ ಗಾಡಿಗೆ ಪೆಟ್ರೋಲ್ ಕೆಡದಂತೆ ಕಾಯುವ ಸ್ಟೆಬಿಲೈಸರ್ ಹಾಕುವುದನ್ನು ನಾನು ಆಕ್ಷೇಪಿಸುವುದಿಲ್ಲ. ದಿನಾ ಓಡುವ ಗಾಡಿಗೆ ಅದರ ಅಗತ್ಯವಿಲ್ಲ.

ನಮ್ಮ ಕಡೆ ಯೆಜ್ಡಿ ಕಾಲದವರು ಇಂದಿಗೂ ಫೋರ್ ಸ್ಟ್ರೋಕ್ ಗಾಡಿಯ ಟ್ಯಾಂಕಿಗೆ 'ಸ್ವಲ್ಪ 2ಟಿ (ಟೂ ಸ್ಟ್ರೋಕ್ ಎಣ್ಣೆ) ಹಾಕು' ಎನ್ನುತ್ತಾರೆ. ಟೂ ಸ್ಟ್ರೋಕ್‌ನಲ್ಲಿ ಕ್ರ್ಯಾಂಕ್‌ಕೇಸಿನ ಬೇರಿಂಗಿಗೂ ಪಿಸ್ಟನ್ನಿಗೂ ಎಣ್ಣೆ ಸಿಗುತ್ತಿದ್ದುದು ಪೆಟ್ರೋಲಿನ ಜೊತೆಯಲ್ಲೇ, ಆದ್ದರಿಂದ ಅಲ್ಲಿ ಅದು ಪ್ರಾಣದಷ್ಟೇ ಮುಖ್ಯವಾಗಿತ್ತು. ಫೋರ್ ಸ್ಟ್ರೋಕ್‌ನಲ್ಲಿ ಅದು ಪ್ಲಗ್ಗಿಗೆ ಮಸಿ, ಕನ್ವರ್ಟರಿಗೆ ಹೊರೆ, ಅಷ್ಟೇ.

'ಹಾಕಿದ ಮೇಲೆ ಮೈಲೇಜ್ ಬಂತು' ಎನ್ನುವವರು ಸುಳ್ಳು ಹೇಳುತ್ತಿಲ್ಲ. ದುಡ್ಡು ಕೊಟ್ಟವನು ಆ ವಾರ ಹದವಾಗಿಯೇ ಓಡಿಸುತ್ತಾನೆ, ಸರ್ವಿಸ್‌ನಲ್ಲಿ ಚೈನ್ ಬಿಗಿಯಾಗಿ ಟೈರಿಗೆ ಗಾಳಿ ತುಂಬಿರುತ್ತದೆ. ನಾನು ಒಂದೇ ಬಂಕಿನಲ್ಲಿ ಫುಲ್ ಟ್ಯಾಂಕಿನಿಂದ ಫುಲ್ ಟ್ಯಾಂಕಿಗೆ ಲೆಕ್ಕ ಬರೆದಿಟ್ಟಿದ್ದೆ. ಬಾಟಲಿ ಹಾಕಿದಾಗ ಮತ್ತು ಹಾಕದಿದ್ದಾಗ ಬಂದ ವ್ಯತ್ಯಾಸ, ಎದುರುಗಾಳಿ ಇರುವ ದಿನಕ್ಕೂ ಇಲ್ಲದ ದಿನಕ್ಕೂ ಬರುವ ವ್ಯತ್ಯಾಸದೊಳಗೇ ಇತ್ತು.

ಆ ದುಡ್ಡನ್ನು ಮ್ಯಾನುಯಲ್‌ನಲ್ಲಿ ಹೇಳಿದ ಗ್ರೇಡಿನ ಆಯಿಲ್‌ಗೆ ಹಾಕಿ. ನಮ್ಮ ಟೊಮೆಟೊ ತೋಟಗಳ ಮಣ್ಣುದಾರಿಯಂಥ ಧೂಳಿನಲ್ಲಿ ಓಡಿಸುವವರಾದರೆ ಹೇಳಿದ ಅವಧಿಗಿಂತ ಸ್ವಲ್ಪ ಮೊದಲೇ ಬದಲಾಯಿಸಿ, ಏರ್ ಫಿಲ್ಟರನ್ನೂ ನೋಡಿಸಿ. ಆಯಿಲ್ ಕಪ್ಪಾಯಿತೆಂದು ಗಾಬರಿಯಾಗಬೇಡಿ, ಮಸಿಯನ್ನು ತನ್ನೊಳಗೆ ಹಿಡಿದಿಟ್ಟುಕೊಂಡಿದೆ ಎಂಬುದಕ್ಕೆ ಅದೇ ಗುರುತು. ಮುಂದಿನ ಸಲ ಗಾಡಿ ಬಿಡುವಾಗ ಜಾಬ್ ಕಾರ್ಡಿನ ಮೇಲೆ 'ಅಡಿಟಿವ್ ಬೇಡ' ಎಂದು ನಿಮ್ಮ ಕೈಯಿಂದಲೇ ಬರೆದು ಸಹಿ ಹಾಕಿ, ಏಕೆಂದರೆ ಬಾಯಲ್ಲಿ ಹೇಳಿದ್ದು ಬಿಲ್ ಬರುವಷ್ಟರಲ್ಲಿ ಮರೆತುಹೋಗಿರುತ್ತದೆ.